ಹಲಗೆಯ ಕೆಳಗಿನ ಅಡಿನೆಲ

ಕಾರ್ಪೆಟ್ ಕಿತ್ತು ಸುರುಳಿ ಸುತ್ತಿ ಹೊರಗೆ ಹಾಕಿದ್ದಾಗಿತ್ತು. ಓಕ್ ಹಲಗೆಗಳ ಕಟ್ಟುಗಳು ನಡುಮನೆಯಲ್ಲಿ ಕಾದಿದ್ದವು. ಬಡಗಿ ಮಾತ್ರ ಅವುಗಳತ್ತ ತಿರುಗಿಯೂ ನೋಡದೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಹೆಜ್ಜೆ ಹೆಜ್ಜೆಗೂ ಭಾರ ಊರುತ್ತ ಕೋಣೆಯ ಉದ್ದಗಲ ನಡೆಯುತ್ತಿದ್ದ. ನೆಲ ಕಿರುಗುಟ್ಟಿದ ಕಡೆಯಲ್ಲೆಲ್ಲ ಒಂದೊಂದು ಗುರುತು. ಅಮೆರಿಕದಲ್ಲಿ ಅಕ್ಕನ ಮನೆಯಲ್ಲಿ ಕಂಡ ಆ ನಡಿಗೆಯಿಂದಲೇ ಮರದ ನೆಲ ಹಾಸುವ ಕಸುಬು ನನಗೆ ಪರಿಚಯವಾಯಿತು.

ಅಲ್ಲಿನ ಬಹುಪಾಲು ಮನೆಗಳ ಮೈಯೆಲ್ಲ ಮರ. ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಜಂತೆ, ಅದರ ಮೇಲೆ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್. ಮಲೆನಾಡಿನ ಹಳೆಯ ಮನೆಗಳ ಮಹಡಿ ಹತ್ತಿದವರಿಗೆ ಈ ಕಟ್ಟಡದ ಕ್ರಮ ಹೊಸದಲ್ಲ. ಆದರೆ ಇಲ್ಲಿ ಪ್ಲೈವುಡ್ ಬರೀ ಅಡಿನೆಲ. ಕಣ್ಣಿಗೆ ಕಾಣುವ ಓಕ್ ಹಲಗೆ ಇದಕ್ಕೆ ಮೊಳೆ ಕಚ್ಚಿ ನಿಲ್ಲಬೇಕು.

ವರ್ಷಗಟ್ಟಲೆ ತುಳಿದು ಹಳೆಯ ಮೊಳೆ ಸಡಿಲಾಗಿರುತ್ತದೆ. ಕಾಲಿಟ್ಟಾಗಲೆಲ್ಲ ಪ್ಲೈವುಡ್ ಅದರ ಮೈಗುಂಟ ಮೇಲೆ ಕೆಳಗೆ ಉಜ್ಜುವುದೇ ಆ ಕಿರುಗುಟ್ಟುವಿಕೆ. ಗುರುತಿದ್ದಲ್ಲೆಲ್ಲ ಜಂತೆಗೆ ಇಳಿಯುವಷ್ಟು ಉದ್ದದ ಸ್ಕ್ರೂ ಬಿಗಿದರೆ ಸದ್ದು ಅಡಗುತ್ತದೆ. ಆಮೇಲೆ ಮಟ್ಟ. 10 ಅಡಿಯ ನೇರಪಟ್ಟಿ ಇಟ್ಟರೆ ಕೆಳಗೆ ಸುಮಾರು 5 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಕೋಣೆಯೇ ಒಂದು ಕಡೆಗೆ ತುಸು ವಾಲಿದ್ದರೆ ನಡೆದೀತು, ಉಬ್ಬುತಗ್ಗು ನಡೆಯದು. ಉಬ್ಬನ್ನು ಉಜ್ಜಿ ಇಳಿಸಿ, ತಗ್ಗನ್ನು ತುಂಬುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಚಿಂತೆ ತೇವದ್ದು. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಚೌಕಟ್ಟಿಗೆ ಬಿಗಿದುಕೊಳ್ಳುತ್ತವಲ್ಲ, ಮರದ ಅದೇ ಗುಣ. ಉದ್ದಕ್ಕೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ಹಲಗೆಯ ಕೆಳಮೈ ಅಡಿನೆಲದ ತೇವ ಹೀರಿದರೆ ಎರಡೂ ಅಂಚು ಎದ್ದು, ನಡು ತಗ್ಗಿ, ಹಲಗೆ ದೋಣಿಯಂತಾಗುತ್ತದೆ. ಬಡಗಿ ಎರಡು ಸೂಜಿಯ ಪುಟ್ಟ ಮಾಪಕವನ್ನು ಮೊದಲು ಪ್ಲೈವುಡ್‌ಗೆ, ಮತ್ತೆ ಓಕ್‌ಗೆ ಚುಚ್ಚಿದ. 3 ಅಂಗುಲಕ್ಕಿಂತ ಕಿರಿದಾದ ಹಲಗೆಗೆ ಎರಡರ ತೇವಾಂಶದ ಅಂತರ ಶೇ 4 ಅಂಶ ದಾಟಬಾರದು, ಅದಕ್ಕಿಂತ ಅಗಲದ್ದಕ್ಕೆ ಶೇ 2. ಅಂದು ಅಂತರ ಹೆಚ್ಚಿತ್ತು. ಕಟ್ಟು ಬಿಚ್ಚಿ, ಗಾಳಿಯಾಡುವಂತೆ ಹಲಗೆಗಳನ್ನು ಒಟ್ಟಿಟ್ಟು ಹೊರಟೇಹೋದ. ಅಕ್ಕನಿಗೆ ಬೇಸರವಾಯಿತು. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಮರ ಹಾಸಿಸುವವರಿಗೂ ಈ ತಾಳ್ಮೆ ಬೇಕು. ಕಾಂಕ್ರೀಟಿಗೆ ಹೇಳುವ 28 ದಿನ ಅದು ಗಟ್ಟಿಯಾಗುವ ಲೆಕ್ಕ. ಒಳಗಿನ ನೀರು ಆರಲು ತಿಂಗಳುಗಳೇ ಹಿಡಿಯುತ್ತವೆ. ಮೇಲೆ ಒಣಗಿದಂತೆ ಕಂಡರೂ ಅಳೆಯದೆ ಹಲಗೆ ಹಾಸಿಸಬೇಡಿ.

ಮರುವಾರ ಬಡಗಿ ಬಂದು ಮತ್ತೆ ಅಳೆದ. ಈ ಸಲ ಲೆಕ್ಕ ಕೂಡಿಬಂತು. ಗುಡಿಸಿ, ಎದ್ದ ಮೊಳೆಗಳನ್ನು ಬಡಿದು, ಡಾಂಬರು ಕಾಗದದ ಸುರುಳಿ ಬಿಚ್ಚುವ ಮುನ್ನ ಇನ್ನೊಮ್ಮೆ ಕೋಣೆಯ ಉದ್ದಗಲ ನಡೆದ. ಎಲ್ಲೂ ಸದ್ದಿಲ್ಲ. ಗೋಡೆಯಿಂದ ಮುಕ್ಕಾಲು ಅಂಗುಲ ಜಾಗ ಬಿಟ್ಟು, ಜಂತೆಗಳಿಗೆ ಅಡ್ಡಲಾಗಿ ಮೊದಲ ಹಲಗೆ ಇಟ್ಟ.