ಬೀದಿಗೆ ಬಂದ ಫೈಬರ್ ಮನೆಗೇಕೆ ಬರಲಿಲ್ಲ?

ನಾಲೆ ಕೊನೆಯ ರೈತನ ಪಾಡನ್ನು ಮದ್ದೂರು, ಮಳವಳ್ಳಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಿ.ಸಿ. ನಾಲೆಯ ನೀರು ಮೇಲಿನವರ ಗದ್ದೆ ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ. ಫೈಬರ್ ಇಂಟರ್‌ನೆಟ್‌ನಲ್ಲೂ ಈಗ ಅದೇ ಗೋಳು. ಬೀದಿಯ ಎಂಟು ಮನೆಗೆ ಬಂತು, ಒಂಬತ್ತನೆಯದಕ್ಕೆ ಇಲ್ಲ. ಕೇಳಿದರೆ ‘ದೂರ ಆಯ್ತು, ಬರಲ್ಲ’ ಅನ್ನುತ್ತಾರೆ.

ಮೊಬೈಲ್ ಸಾಲದೇ ಅನ್ನಬಹುದು. ಪಹಣಿ ನೋಡಲು ಸಾಕು. ಆದರೆ 2020ರಲ್ಲಿ ಶಾಲೆ ಮುಚ್ಚಿದಾಗ ಒಂದೇ ಫೋನಿಗೆ ಮೂರು ಮಕ್ಕಳು ಕಾದದ್ದು ಎಷ್ಟು ಮನೆಗಳಲ್ಲಿ!

ದೂರ ಕಾರಣವಲ್ಲ

ಫೈಬರ್ ಅಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಮನೆಗಳಿಗೆ ಕೊಡುವ ಈಗಿನ ವ್ಯವಸ್ಥೆಯಲ್ಲಿ ಈ ಬೆಳಕು ಸುಮಾರು 20 ಕಿ.ಮೀ. ವರೆಗೆ ಮುಟ್ಟುತ್ತದೆ. ಬೀದಿಯ ಆ ತುದಿ, ಈ ತುದಿ ಅದಕ್ಕೆ ಲೆಕ್ಕವೇ ಅಲ್ಲ.

ಲೆಕ್ಕ ಇರುವುದು ಪಾಲಿನಲ್ಲಿ. ಸ್ಪ್ಲಿಟರ್ ಎಂಬ ಚಿಕ್ಕ ಸಾಮಾನು ಒಂದು ಎಳೆಯ ಬೆಳಕನ್ನು 8, 16 ಅಥವಾ 32 ಪಾಲು ಮಾಡುತ್ತದೆ. ಎರಡು ಪಾಲಾದರೆ ಬೆಳಕು ಅರ್ಧ, ನಾಲ್ಕಾದರೆ ಕಾಲು. ಹಾಗಾಗಿ ಬೇಕಾದಷ್ಟು ಪಾಲು ಮಾಡಲಾಗದು. ಕಂಬದ ಪೆಟ್ಟಿಗೆಯಲ್ಲಿ ಎಂಟೇ ಕಿಂಡಿ ಇದ್ದು ಎಂಟೂ ತುಂಬಿದರೆ ಒಂಬತ್ತನೆಯ ಮನೆ ಹೊರಗೆ. ಇನ್ನೊಂದು ಪೆಟ್ಟಿಗೆ, ಹೊಸ ಎಳೆ, ಬೆಸುಗೆ ಎಲ್ಲ ಬೇಕು. ಒಂದೇ ಮನೆಗಾಗಿ ಅಷ್ಟು ಮಾಡಲು ಯಾರೂ ಮುಂದೆ ಬರಲ್ಲ.

ಕೊನೆಯ ನೂರು ಮೀಟರ್ ಯಾರದು?

ಈಗ ಭಾರತ್‌ನೆಟ್ ಎನ್ನುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿದ್ದು 2011ರಲ್ಲಿ. ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳು. ಅಂದರೆ ಪಂಚಾಯಿತಿ ಕಚೇರಿಯ ಬಾಗಿಲು, ನಮ್ಮ ಮನೆ ಬಾಗಿಲಲ್ಲ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಮಂಜೂರಾತಿ ಸಿಕ್ಕಿತು. ಪಂಚಾಯಿತಿ ಆಚೆಗಿನ ಹಳ್ಳಿಗಳಿಗೆ ‘ಬೇಡಿಕೆ ಬಂದರೆ’ ಸಂಪರ್ಕ ಕೊಡುವುದು ಇದರಲ್ಲಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಂದ ಮನೆವರೆಗಿನ ಕೆಲಸ ಹೆಚ್ಚಾಗಿ ಸ್ಥಳೀಯ ಕೇಬಲ್‌ನವರದು. ಕೈಯಿಂದ ದುಡ್ಡು ಹಾಕುವವರು ಒತ್ತೊತ್ತಾಗಿರುವ ಮನೆಗಳನ್ನೇ ಮೊದಲು ಹಿಡಿಯುತ್ತಾರೆ. ತೋಟದ ಮನೆ, ಊರಾಚೆಯ ಕಾಲೊನಿ ಹಿಂದೆ ಬೀಳುತ್ತವೆ. ಕರೆಂಟ್ ಕಂಬದ ಮೇಲೆ ಎಳೆಯೋಣವೆಂದರೆ ಕಂಬ ಸೆಸ್ಕ್‌ನದು, ಅನುಮತಿ ಬೇಕು.

ಮರಕ್ಕೆ ಕಟ್ಟಬೇಡಿ

ಬೇರೆ ಊರುಗಳಲ್ಲಿ ಕಂಬ ಇಲ್ಲದ ಕಡೆ ಕೇಬಲನ್ನು ಮರಕ್ಕೆ ಕಟ್ಟಿಬಿಡುತ್ತಾರೆ. ಕೊಕ್ಕರೆ ಬೆಳ್ಳೂರಿನಲ್ಲಿ ಅದು ಸಲ್ಲದು. ಇಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದೇ ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲಿ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವನ್ನು ಕಂಡದ್ದು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಜೋತುಬಿದ್ದ ತಂತಿಗೆ ದೊಡ್ಡ ರೆಕ್ಕೆಯ ಹಕ್ಕಿ ಸಿಕ್ಕಿಕೊಂಡರೆ ಗತಿ ಏನು? ಇಂಥ ಬೀದಿಗಳಲ್ಲಿ ನೆಲದೊಳಗೆ ಕೊಳವೆಯಲ್ಲಿ ಎಳೆಯುವುದೇ ಲೇಸು. ಅರಣ್ಯ ಇಲಾಖೆಯನ್ನು ಕೇಳಿ, ಹಕ್ಕಿಗಳು ಗೂಡು ಬಿಟ್ಟ ಮೇಲೆ ಅಗೆಯಬಹುದು. ಖರ್ಚು ಜಾಸ್ತಿ, ನಿಜ. ಆ ಖರ್ಚನ್ನು ಒಂದೇ ಮನೆಯ ತಲೆಗೆ ಕಟ್ಟಬಾರದು.

ನಾವು ಮಾಡಬಹುದಾದ್ದು

* ಒಬ್ಬೊಬ್ಬರೇ ಹೋಗಬೇಡಿ. ಬಿಟ್ಟುಹೋದ ಮನೆಗಳ ಪಟ್ಟಿ ಮಾಡಿ, ಸಹಿ ಹಾಕಿ, ಒಟ್ಟಿಗೆ ಅರ್ಜಿ ಕೊಡಿ. ಆರೆಂಟು ಮನೆ ಸೇರಿದರೆ ಹೊಸ ಪೆಟ್ಟಿಗೆಗೆ ಲೆಕ್ಕ ಕೂಡುತ್ತದೆ.
* ‘ಬರಲ್ಲ’ ಎಂದವರನ್ನು ಕೇಳಿ: ಕಿಂಡಿ ಖಾಲಿ ಇಲ್ಲವೋ, ಕಂಬ ಇಲ್ಲವೋ, ಅನುಮತಿ ಇಲ್ಲವೋ? ಮೂರಕ್ಕೂ ಮದ್ದು ಬೇರೆ ಬೇರೆ.
* ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ‘ಬೇಡಿಕೆ’ ಕಾಗದದಲ್ಲಿದ್ದರೇ ಬೇಡಿಕೆ.
* ಬೀದಿಗೆ ಕಾಂಕ್ರೀಟ್ ಹಾಕುವ ಮುಂಚೆ ಒಂದು ಖಾಲಿ ಕೊಳವೆ ಹೂಳಿಸಿ. ಆಮೇಲೆ ರಸ್ತೆ ಒಡೆಯುವುದು ತಪ್ಪುತ್ತದೆ.
* ಅಲ್ಲಿವರೆಗೆ ಅಂಗಡಿ ವೈಫೈ ಆಗಬಹುದು. 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ-ವಾಣಿ ಯೋಜನೆಯಲ್ಲಿ ಚಿಲ್ಲರೆ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು.

ನಾಲೆಯ ಕೊನೆಗೆ ನೀರು ಬರಬೇಕಾದರೆ ಅಣೆಕಟ್ಟೆ ತುಂಬಬೇಕು, ಮಳೆ ಕೈಹಿಡಿಯಬೇಕು. ಫೈಬರಿಗೆ ಆ ಕಷ್ಟ ಇಲ್ಲ. ಮೇಲಿನವರು ಬಳಸಿದರೆಂದು ಕೆಳಗೆ ಬತ್ತುವುದೂ ಇಲ್ಲ. ಬೇಕಾದ್ದು ಇನ್ನೊಂದು ಪೆಟ್ಟಿಗೆ, ಅದನ್ನು ಕೇಳಲು ಹತ್ತು ಸಹಿ.