ಸತ್ತ ನೆಟ್‌ವರ್ಕ್ ಕಾರ್ಡುಗಳ ಜಾಡು ಹಿಡಿದು

2008ರ ಸೆಪ್ಟೆಂಬರ್. ಓಪನ್‌ಸೂಸೆ 11.1, ಫೆಡೋರಾ 10, ಉಬುಂಟು 8.10, ಮ್ಯಾಂಡ್ರಿವಾ 2009 ಎಂಬ ನಾಲ್ಕು ದೊಡ್ಡ ಲಿನಕ್ಸ್ ವಿತರಣೆಗಳು ಬಿಡುಗಡೆಗೆ ಅಣಿಯಾಗುತ್ತಿದ್ದವು. ಹೊರಗಿನ ಅಂದಚೆಂದ ಬೇರೆಬೇರೆಯಾದರೂ ನಾಲ್ಕರ ತಿರುಳೂ ಒಂದೇ: ಇನ್ನೂ ಪೂರ್ತಿ ಬೆಂದಿರದ 2.6.27 ಕರ್ನಲ್. ಬೀಟಾ ಎಂಬ ಇಂಥ ಅರೆಬೆಂದ ಆವೃತ್ತಿಗಳನ್ನು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಎಲ್ಲಿ ಎಡವುತ್ತದೆ ನೋಡಿ ತಿಳಿಸುವವರು ಜಗತ್ತಿನ ನಾನಾ ಮೂಲೆಗಳಲ್ಲಿದ್ದಾರೆ. ಸಂಬಳವಿಲ್ಲ, ಹುದ್ದೆಯಿಲ್ಲ. ಬಿಡುಗಡೆಯಾದ ಮೇಲೆ ಬೇರೆಯವರಿಗೆ ತೊಂದರೆಯಾಗದಿರಲಿ ಎಂಬುದೊಂದೇ ಕಾಳಜಿ.

ಅವರಲ್ಲಿ ಕೆಲವರಿಗೆ ಆ ತಿಂಗಳು ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಯಿತು. ಕೇಬಲ್ ಬದಲಿಸಿದರು, ಬರಲಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು, ಬರಲಿಲ್ಲ. ಬೀಟಾ ತೆಗೆದು ಹಳೆಯ ಆವೃತ್ತಿಯನ್ನೇ ಹಾಕಿದರೂ ಬರಲಿಲ್ಲ. ಬೀಟಾ ಎಂದರೆ ಫೈಲು ಕಳೆಯಬಹುದು, ಪರದೆ ಹೆಪ್ಪುಗಟ್ಟಬಹುದು ಎಂಬ ತಯಾರಿ ಎಲ್ಲ ಪರೀಕ್ಷಕರಿಗೂ ಇರುತ್ತದೆ. ಆದರೆ ತಂತ್ರಾಂಶ ತೆಗೆದ ಮೇಲೂ ಉಳಿಯುವ ಪೆಟ್ಟನ್ನು ಯಾರೂ ನಿರೀಕ್ಷಿಸಿರಲಿಲ್ಲ. ಯಂತ್ರಕ್ಕೇ ಗಾಯವಾಗಿತ್ತು.

ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಾಮ್ಯ ಕಂಡಿತು. ಹಾಳಾದವೆಲ್ಲ ಇಂಟೆಲ್‌ನ ಗಿಗಾಬಿಟ್ ನೆಟ್‌ವರ್ಕ್ ಚಿಪ್‌ಗಳು, ಅವನ್ನು ನಡೆಸುತ್ತಿದ್ದದ್ದು ಇ1000ಇ ಎಂಬ ಡ್ರೈವರ್. ಅಂಥ ಚಿಪ್‌ಗೆ ಎನ್‌ವಿಎಂ ಎಂಬ ಪುಟ್ಟ ಶಾಶ್ವತ ಸ್ಮೃತಿ ಇರುತ್ತದೆ. ಕಾರ್ಡಿನ ವಿಳಾಸ, ಅದರ ಹೊಂದಾಣಿಕೆಗಳು, ಇವೆಲ್ಲ ಸರಿಯಾಗಿವೆಯೇ ಎಂದು ತಾಳೆ ನೋಡಲು ಒಂದು ಚೆಕ್‌ಸಮ್, ಎಲ್ಲ ಅಲ್ಲೇ. ವಿದ್ಯುತ್ ಹೋದರೂ ಅಳಿಯದಂತೆ ಬರೆದಿಟ್ಟ ಆ ಮಾಹಿತಿ ಯಾರೋ ಗೀಚಿದಂತೆ ಕೆಟ್ಟುಹೋಗಿತ್ತು. ಚೆಕ್‌ಸಮ್ ತಾಳೆಯಾಗದಿದ್ದರೆ ಡ್ರೈವರ್ ಕಾರ್ಡನ್ನು ಮುಟ್ಟುವುದೇ ಇಲ್ಲ. ಎನ್‌ವಿಎಂನ ನಕಲನ್ನು ಮೊದಲೇ ತೆಗೆದಿಟ್ಟುಕೊಂಡಿದ್ದವರು ಅದನ್ನು ಮರಳಿ ಬರೆದು ಕಾರ್ಡನ್ನು ಬದುಕಿಸಿಕೊಳ್ಳಬಹುದಿತ್ತು. ಆದರೆ ಅಂಥ ನಕಲನ್ನು ಯಾರು ತಾನೇ ಇಟ್ಟುಕೊಂಡಿರುತ್ತಾರೆ?

ವಿತರಣೆಗಳು ಬೇಗನೆ ಎಚ್ಚೆತ್ತವು. ಇಂಟೆಲ್ ಕಾರ್ಡ್ ಇರುವವರು ಈ ಬೀಟಾ ಹಾಕಬೇಡಿ ಎಂಬ ಎಚ್ಚರಿಕೆ ಹೊರಟಿತು. ಉಬುಂಟು ಆ ಡ್ರೈವರನ್ನೇ ತಾತ್ಕಾಲಿಕವಾಗಿ ಕೈಬಿಟ್ಟಿತು. ಹಾನಿ ನಿಂತಿತು, ಕಾರಣ ಮಾತ್ರ ತಿಳಿಯಲಿಲ್ಲ. ಮೊದಲ ಸಂಶಯ ಸಹಜವಾಗಿಯೇ ಇ1000ಇ ಮೇಲೆ. ಅದರ ಸಾಲುಸಾಲನ್ನೂ ಓದಿದರು. ಸಣ್ಣಪುಟ್ಟ ಹುಳುಕು ಸಿಕ್ಕರೂ ಇಷ್ಟು ದೊಡ್ಡ ಹಾನಿಗೆ ಅವು ಸಾಲುತ್ತಿರಲಿಲ್ಲ. ಬಳಿಕ ಪರದೆಯ ಚಿತ್ರಣ ನೋಡಿಕೊಳ್ಳುವ ಎಕ್ಸ್ ಸರ್ವರ್ ಮೇಲೆ ಕಣ್ಣು ಬಿತ್ತು. ಯಂತ್ರಾಂಶವನ್ನು ನೇರವಾಗಿ ಮುಟ್ಟುವ ಅಭ್ಯಾಸ ಅದಕ್ಕೂ ಇತ್ತು. ಅದೂ ನಿರಪರಾಧಿಯೆಂದು ಗೊತ್ತಾಯಿತು.

ಬಗ್ ಹುಡುಕಲು ಅದನ್ನು ಮತ್ತೆ ಮತ್ತೆ ಬರಿಸಿ ನೋಡಬೇಕು. ಇಲ್ಲಿ ಒಂದು ಸಲ ಬಂದರೆ ಒಂದು ಕಾರ್ಡ್ ಹೋಯಿತು. ತನ್ನ ಲ್ಯಾಪ್‌ಟಾಪನ್ನು ಪ್ರತಿ ಪ್ರಯೋಗಕ್ಕೂ ಬಲಿಕೊಡು ಎಂದು ಯಾವ ಸ್ವಯಂಸೇವಕನನ್ನೂ ಕೇಳಲಾಗದು. ಹಾಗಾಗಿ ಈ ಹಂತದಲ್ಲಿ ಹೊರೆ ಹೊತ್ತವರು ಇಂಟೆಲ್‌ನ ಎಂಜಿನಿಯರುಗಳು. ಕಾರ್ಡುಗಳ ರಾಶಿಯನ್ನೇ ಮುಂದಿಟ್ಟುಕೊಂಡು ಪ್ರಯೋಗಾಲಯದಲ್ಲಿ ಕೂತರು. ಅವರು ಹಿಡಿದ ದಾರಿಗೆ ಬೈಸೆಕ್ಷನ್ ಎಂದು ಹೆಸರು. 2.6.26ರಿಂದ 2.6.27ಕ್ಕೆ ಬರುವಷ್ಟರಲ್ಲಿ ಕರ್ನಲ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಸೇರಿದ್ದವು. ಆ ಸಾಲಿನ ನಡುವಿಗೆ ಹೋಗಿ ನಿಂತು ಪರೀಕ್ಷಿಸಬೇಕು. ಕಾರ್ಡ್ ಸತ್ತರೆ ದೋಷ ಮೊದಲರ್ಧದಲ್ಲಿದೆ, ಬದುಕಿದರೆ ಎರಡನೆಯದರಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸುಮಾರು 14 ಹೆಜ್ಜೆಗಳಲ್ಲಿ ತಪ್ಪಿನ ಬದಲಾವಣೆ ಸಿಗಬೇಕು.

ಲೆಕ್ಕಕ್ಕೆ ಸುಲಭ. ಆದರೆ ಈ ದೋಷ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಕಾರ್ಡ್ ಸತ್ತರೆ ಉತ್ತರ ಖಚಿತ. ಸಾಯದಿದ್ದರೆ ದೋಷವೇ ಇಲ್ಲವೋ, ಈ ಸಲ ತಪ್ಪಿಸಿಕೊಂಡಿತೋ? ಒಂದು ತಪ್ಪು ತೀರ್ಮಾನಕ್ಕೆ ಮುಂದಿನ ಹೆಜ್ಜೆಗಳೆಲ್ಲ ನೀರುಪಾಲು. ಇಡೀ ಪತ್ತೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟುವುದು ಈ ತಾಳ್ಮೆಯ ಮೇಲೆ.

ಹಲವು ಕಾರ್ಡುಗಳು ಸತ್ತ ಮೇಲೆ ಬೆರಳು ತೋರಿದ್ದು ಎಫ್‌ಟ್ರೇಸ್ ಕಡೆಗೆ. ನೆಟ್‌ವರ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಕರ್ನಲ್‌ನ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತು ಎಂದು ಜಾಡು ಹಿಡಿಯಲು, ಎಂದರೆ ದೋಷ ಹುಡುಕಲೆಂದೇ, ಸ್ಟೀವನ್ ರಾಸ್ಟೆಟ್ ಕಟ್ಟಿದ ಸಲಕರಣೆ ಅದು. 2.6.27ರಲ್ಲೇ ಅದು ಕರ್ನಲ್ ಸೇರಿತ್ತು.

ಫಂಕ್ಷನ್ ಒಂದು ಮೊದಲ ಸಲ ಓಡಿದಾಗ ಎಫ್‌ಟ್ರೇಸ್ ಅದರ ವಿಳಾಸ ಬರೆದುಕೊಳ್ಳುತ್ತಿತ್ತು. ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಒಂದು ಸಹಾಯಕ, ಆ ಪಟ್ಟಿ ಹಿಡಿದು ಹೋಗಿ, ಅಲ್ಲಿರುವ ಜಾಡಿನ ಕರೆಯನ್ನು ಅಳಿಸಿ ಏನೂ ಮಾಡದ ಆಜ್ಞೆಯನ್ನು ಕೂರಿಸುತ್ತಿತ್ತು. ಕರ್ನಲ್‌ನ ವೇಗ ತಗ್ಗದಿರಲಿ ಎಂದು ಈ ಏರ್ಪಾಡು. ಆದರೆ ಡ್ರೈವರುಗಳ ಆರಂಭದ ಭಾಗ ಒಂದೇ ಸಲ ಓಡಿ ಮುಗಿಯುತ್ತದೆ, ಅದರ ಜಾಗವನ್ನು ಕರ್ನಲ್ ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ. ಜಾತ್ರೆಯ ಅಂಗಡಿಗಳ ಪಟ್ಟಿ ಮಾಡಿಕೊಂಡವನು ಜಾತ್ರೆ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಬಂದಂತಾಯಿತು. ಅಂಗಡಿ ಎತ್ತಿಯಾಗಿದೆ, ಆ ಜಾಗದಲ್ಲಿ ಬೇರೆ ಯಾರೋ ಇದ್ದಾರೆ. ಕೆಲವೊಮ್ಮೆ, ಕೆಲವು ಯಂತ್ರಗಳಲ್ಲಿ, ಅಲ್ಲಿ ಬಂದು ಕೂತಿದ್ದದ್ದು ಇ1000ಇ ಕಾರ್ಡಿನ ಎನ್‌ವಿಎಂಗೆ ಹೋಗುವ ಬಾಗಿಲು.

ಇಂಥ ಎಡವಟ್ಟು ಆಗದಿರಲೆಂದು ರಾಸ್ಟೆಟ್ ಒಂದು ಕಾವಲನ್ನೂ ಇಟ್ಟಿದ್ದರು. ಬದಲಿಸುವ ಮುನ್ನ ಅಲ್ಲಿ ಹಳೆಯ ಆಜ್ಞೆಯೇ ಇದೆಯೇ ಎಂದು ಹೋಲಿಸಿ, ಇದ್ದರೆ ಮಾತ್ರ ಬದಲಿಸುವ ಪ್ರೊಸೆಸರ್ ಆಜ್ಞೆಯನ್ನು ಬಳಸಿದ್ದರು. ಆದರೆ ಇಂಟೆಲ್ ಪ್ರೊಸೆಸರಿನಲ್ಲಿ ಆ ಆಜ್ಞೆ ಹೋಲಿಕೆ ತಪ್ಪಿದಾಗಲೂ ಬರೆಯದೆ ಬಿಡುವುದಿಲ್ಲ. ಓದಿದ ಮೌಲ್ಯವನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಇದರಿಂದ ಏನೂ ಆಗದು, ಇದ್ದದ್ದು ಇದ್ದ ಹಾಗೇ ಇರುತ್ತದೆ. ಯಂತ್ರಾಂಶದ ಬಾಗಿಲಿನಲ್ಲಿ ಹಾಗಲ್ಲ. ಅಲ್ಲಿ ಬರೆದ ಪ್ರತಿಯೊಂದೂ ಸಾಧನಕ್ಕೆ ಕೊಟ್ಟ ಆದೇಶ. ಕಾವಲಿಗೆ ಇಟ್ಟ ಆಜ್ಞೆಯೇ ಕಾರ್ಡನ್ನು ಕೊಂದಿತು.

ಮುಂದಿನದು ಬೇಗ ಮುಗಿಯಿತು. ಎನ್‌ವಿಎಂಗೆ ಬೀಗ ಹಾಕುವ ತಿದ್ದುಪಡಿ ಅಷ್ಟರಲ್ಲೇ ಇ1000ಇಗೆ ಸೇರಿತ್ತು. ಅಕ್ಟೋಬರ್ 9ರಂದು 2.6.27 ಹೊರಬಂತು, 15ರಂದು ಬಂದ 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ಭಾಗವನ್ನೇ ಮುಚ್ಚಲಾಯಿತು. ಡಿಸೆಂಬರಿನ 2.6.28ರ ಹೊತ್ತಿಗೆ ರಾಸ್ಟೆಟ್ ಅದನ್ನು ಹೊಸದಾಗಿ ಬರೆದಿದ್ದರು. ಕರ್ನಲ್ ಓಡುವಾಗ ವಿಳಾಸ ಗುರುತಿಸುವ ಬದಲು, ಕರ್ನಲ್ ಕಟ್ಟುವಾಗಲೇ ಪಟ್ಟಿ ತಯಾರಾಗುವ ವ್ಯವಸ್ಥೆ ಬಂತು. ಅಕ್ಟೋಬರ್ 30ಕ್ಕೆ ಉಬುಂಟು 8.10, ನವೆಂಬರ್ 25ಕ್ಕೆ ಫೆಡೋರಾ 10, ಡಿಸೆಂಬರ್ 18ಕ್ಕೆ ಓಪನ್‌ಸೂಸೆ 11.1 ಬಿಡುಗಡೆಯಾದವು. ಅವನ್ನು ಹಾಕಿಕೊಂಡವರ ಕಾರ್ಡುಗಳು ಈ ದೋಷಕ್ಕೆ ಸಿಕ್ಕಿಬೀಳಲಿಲ್ಲ.

ಕಾರಣ ಹಿಡಿದ ಕೀರ್ತಿ ಎಂಜಿನಿಯರುಗಳಿಗೆ ಸಲ್ಲಲೇಬೇಕು. ಆದರೆ ದೋಷ ಇದೆ ಎಂದು ಜಗತ್ತಿಗೆ ಮೊದಲು ಗೊತ್ತಾದದ್ದು ಸಂಬಳವಿಲ್ಲದ ಪರೀಕ್ಷಕರಿಂದ, ಅದಕ್ಕೆ ಬೆಲೆ ತೆತ್ತದ್ದು ಅವರ ಸ್ವಂತ ಯಂತ್ರಗಳು. ‘ನನ್ನ ಕಂಪ್ಯೂಟರ್ ಕೆಟ್ಟಿತು’ ಎಂದು ಗೊಣಗಿ ಸುಮ್ಮನಾಗದೆ, ಯಾವ ಚಿಪ್, ಯಾವ ಕರ್ನಲ್, ಯಾವ ದಿನ ಎಂದು ಅವರು ಬರೆದಿಟ್ಟ ಕಾರಣಕ್ಕೇ ಅಲ್ಲೊಂದು ಇಲ್ಲೊಂದು ಬಿದ್ದ ಪೆಟ್ಟುಗಳು ಒಂದೇ ಬಗ್ ಎಂದು ತಿಳಿಯಿತು.

ಉಬುಂಟು, ಫೆಡೋರಾಗಳು ಈಗಲೂ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ತರುತ್ತವೆ, ಅದಕ್ಕೆ ಕೆಲವು ವಾರ ಮೊದಲು ಬೀಟಾ ಬರುತ್ತದೆ. ಮನೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು, ಒಂದು ಸಲ ಬೀಟಾ ಹಾಕಿ ನೋಡಿ. ಭಾಷೆ ಕೇಳಿದಾಗ ಕನ್ನಡವನ್ನೇ ಆರಿಸಿ. ಏನು ಮಾಡಿದಾಗ ಏನಾಯಿತು ಎಂದು ನಾಲ್ಕು ಸಾಲು ಬರೆದು ಕಳಿಸಿ. ನಿಮ್ಮ ಯಂತ್ರ ವಿತರಣೆ ಕಟ್ಟುವವರ ಪ್ರಯೋಗಾಲಯದಲ್ಲಿ ಇರುವುದಿಲ್ಲ. ಒತ್ತಕ್ಷರ ಒಡೆದಿದ್ದರೆ ಅದನ್ನು ಗುರುತಿಸುವ ಕಣ್ಣೂ ಅಲ್ಲಿ ಇರುವುದಿಲ್ಲ.