ಚೀಟಿ ಉದುರಿದ ಬಾಟಲಿಯಲ್ಲಿ ಏನಿದೆ?

ಸೀಗೆಕಾಯಿ ಶಾಂಪೂ, ಲೋಳೆಸರದ ಜೆಲ್, ಗುಲಾಬಿ ನೀರು, ಕರ್ಪೂರ ಹಾಕಿ ಕಾಯಿಸಿದ ಎಣ್ಣೆ. ಇವನ್ನೆಲ್ಲ ಮನೆಯಲ್ಲೇ ಮಾಡಿ ಬಾಟಲಿಗೆ ತುಂಬಿ ಮಾರುವುದು ಈಗ ಸಣ್ಣ ಊರುಗಳಲ್ಲೂ ಒಂದು ಕಸುಬು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ಇದಕ್ಕೆ ಕೈಹಾಕುವ ಹೆಣ್ಣುಮಕ್ಕಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಚಿಂತೆ ಇರುವುದು ಬಾಟಲಿಯ ಮೇಲಿನ ಲೇಬಲ್ ಬಗ್ಗೆ. ಬಣ್ಣ ಯಾವುದಿರಲಿ, ಎಲೆಯ ಚಿತ್ರ ಎಲ್ಲಿ ಬರಲಿ ಎಂದು ಪ್ರಿಂಟಿಂಗ್ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಒಳಗೆ ಏನಿದೆ, ಯಾವಾಗ ಮಾಡಿದ್ದು, ಎಲ್ಲಿಯವರೆಗೆ ಬಳಸಬಹುದು ಎಂಬುದು ಕೊನೆಯ ಐದು ನಿಮಿಷದ ಕೆಲಸವಾಗುತ್ತದೆ. ಹತ್ತು ಬಾಟಲಿ ನೆಂಟರಿಗೆ ಕೊಡುವಾಗ ಇದು ನಡೆಯುತ್ತದೆ. ಸಾವಿರ ಬಾಟಲಿ ಗುರುತಿಲ್ಲದವರ ಬಚ್ಚಲುಮನೆ ಸೇರಿದ ಮೇಲೆ ಅನಾಹುತ ಆಗಬಹುದು.

ಹೀಗೆ ಹೇಳಲು ಆಧಾರ ದೂರವೇನಿಲ್ಲ, ಪಕ್ಕದ ಕೇರಳದಲ್ಲೇ ಇದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದಕ್ಕೆ 2021ರಿಂದ 2023ರ ನಡುವೆ ಬಂದ, ಮೂತ್ರಪಿಂಡದ ಸೋಸುವ ಪೊರೆ ಕೆಟ್ಟ 22 ರೋಗಿಗಳನ್ನು ವೈದ್ಯರು ಅಧ್ಯಯನ ಮಾಡಿದರು. ಅವರಲ್ಲಿ 15 ಮಂದಿಗೆ ಅಪರೂಪದ ಒಂದೇ ಬಗೆಯ ಕಾಯಿಲೆ. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಅಂಥ ಕ್ರೀಮುಗಳಲ್ಲಿ ಅಪಾಯ ತರುವುದು ಪಾದರಸ. ಹಚ್ಚುವ ಕ್ರೀಮಿಗೂ ಮೂತ್ರಪಿಂಡಕ್ಕೂ ಸಂಬಂಧವಿದೆ ಎಂದು ರೋಗಿಗಾಗಲಿ, ಮನೆಯವರಿಗಾಗಲಿ ಹೊಳೆಯುವುದಿಲ್ಲ. ವೈದ್ಯರು ಕೇಳಿ ಕೇಳಿಯೇ ತಿಳಿಯಬೇಕು. ಮಾಡಿದವರ ಹೆಸರು, ಪದಾರ್ಥಗಳ ಪಟ್ಟಿ ಡಬ್ಬಿಯ ಮೇಲಿಲ್ಲದಿದ್ದರೆ ಆ ಹುಡುಕಾಟಕ್ಕೆ ಹಿಡಿಯುವ ಒಂದೊಂದು ವಾರವೂ ರೋಗಿಯ ಮೂತ್ರಪಿಂಡದ ಲೆಕ್ಕಕ್ಕೇ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಯಾರೂ ಪಾದರಸ ಬೆರೆಸುವುದಿಲ್ಲ, ಸರಿ. ಆದರೆ ಬೇವಿನೆಣ್ಣೆ ಬೆರೆಸುತ್ತೇವೆ. ಮಕ್ಕಳಿಗೆ ಬೇವಿನೆಣ್ಣೆ ಕುಡಿಸಿದ್ದರಿಂದ ವಾಂತಿ, ಮಂಪರು, ಫಿಟ್ಸ್ ಬಂದು ಯಕೃತ್ತು, ಮಿದುಳು ಕೆಟ್ಟ ಪ್ರಕರಣಗಳನ್ನು ಮಲೇಷ್ಯಾದ ವೈದ್ಯರು 1981ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಕರ್ಪೂರ ಇನ್ನೂ ಅಪಾಯದ್ದು. ಸುಮಾರು ಒಂದು ಗ್ರಾಂ ಹೊಟ್ಟೆಗೆ ಹೋದರೆ ಒಂದೂವರೆ ವರ್ಷದ ಮಗುವಿನ ಜೀವಕ್ಕೇ ಕುತ್ತು. ನೂರು ಮಿಲಿ ಎಣ್ಣೆಗೆ ಹತ್ತು ಗ್ರಾಂ ಕರ್ಪೂರ ಹಾಕಿದ್ದರೆ, ಎರಡು ಟೀ ಚಮಚದಲ್ಲಿ ಆ ಒಂದು ಗ್ರಾಂ ಇರುತ್ತದೆ. ಅಂಥ ಬಾಟಲಿಯ ಮೇಲೆ ‘ಶುದ್ಧ ನೈಸರ್ಗಿಕ, ಕೆಮಿಕಲ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ತಪ್ಪು. ಅದನ್ನು ಓದಿದ ತಾಯಿ ಬಾಟಲಿಯನ್ನು ಮಗುವಿನ ಕೈಗೆ ಸಿಗುವ ಗೂಡಿನಲ್ಲೇ ಇಡುತ್ತಾಳೆ. ‘ಹಚ್ಚಲು ಮಾತ್ರ, ಕುಡಿಯಬಾರದು, ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಸಾಲು ಆ ಜಾಗದಲ್ಲಿ ಬರಬೇಕು. ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬುವುದಂತೂ ಬೇಡವೇ ಬೇಡ, ಲೇಬಲ್ ಎಷ್ಟೇ ಚೆನ್ನಾಗಿರಲಿ.

ಇನ್ನು ತಾರೀಖಿನ ವಿಷಯ. ಅಂಗಡಿಯ ಶಾಂಪೂ ನೋಡಿ ‘24 ತಿಂಗಳೊಳಗೆ ಬಳಸಿ’ ಎಂದು ನಾವೂ ಅಚ್ಚು ಹಾಕಿಸಿದರೆ ಅದಕ್ಕೆ ಬೆಲೆಯಿಲ್ಲ. ನೀರಿಲ್ಲದ ಎಣ್ಣೆಗೆ ಗಾಳಿ, ಬಿಸಿಲು ತಗುಲಿ ಕಮಟು ವಾಸನೆ ಬರುವುದೇ ಮುಖ್ಯ ತೊಂದರೆ. ನೀರಿರುವ ಜೆಲ್, ಶಾಂಪೂವಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಸೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಕಣ್ಣಿಗೆ, ಗಾಯಕ್ಕೆ ಸೇರಿದರೆ ಗುಣವಾಗುವುದು ಕಷ್ಟ. ಬೋರ್‌ವೆಲ್ ನೀರನ್ನು ಕುದಿಸದೆ ಬೆರೆಸಿದರೆ ಅಪಾಯ ಮೊದಲ ದಿನವೇ ಬಾಟಲಿಯೊಳಗಿರಬಹುದು. ಉಪ್ಪಿನಕಾಯಿಗೆ ಹಾಕುವ ಸೋಡಿಯಂ ಬೆಂಜೊಯೇಟನ್ನೇ ಜೆಲ್‌ಗೂ ಹಾಕಿ ನೆಮ್ಮದಿಯಾಗಿರುವವರುಂಟು. ಅದು ಕೆಲಸ ಮಾಡುವುದು ಹುಳಿಯಲ್ಲಿ. ಹುಳಿಯ ಅಳತೆಯಾದ ಪಿಎಚ್ 4.2ರಲ್ಲಿ ಅದರ ಅರ್ಧ ಭಾಗ ಸೂಕ್ಷ್ಮಜೀವಿಯನ್ನು ತಡೆಯುವ ರೂಪದಲ್ಲಿರುತ್ತದೆ, ಹುಳಿ ಕಡಿಮೆಯಾಗಿ ಪಿಎಚ್ 6ಕ್ಕೆ ಬರುವಷ್ಟರಲ್ಲಿ ಆ ರೂಪ ನೂರಕ್ಕೆ ಎರಡು ಪಾಲೂ ಉಳಿದಿರುವುದಿಲ್ಲ. ಪಿಎಚ್ ನೋಡದೆ, ಲ್ಯಾಬಿನಲ್ಲಿ ಪರೀಕ್ಷಿಸದೆ ಬರೆದ ತಾರೀಖು ಬರೀ ಊಹೆ.

ಸರಿಯಾಗಿ ಬರೆದ ತಾರೀಖಾದರೂ ಉಳಿಯಬೇಕಲ್ಲ! ಬಿಲ್ ಮೆಷಿನ್ನಿನಂಥ ಥರ್ಮಲ್ ಪ್ರಿಂಟರಿನ ಸ್ಟಿಕ್ಕರ್ ಅಗ್ಗ, ಶಾಯಿಯೂ ಬೇಡ. ಆ ಕಾಗದಕ್ಕೆ ಬಳಿದಿರುವ ರಾಸಾಯನಿಕ ಶಾಖಕ್ಕೆ ಕಪ್ಪಾಗುವುದರಿಂದಲೇ ಅಕ್ಷರ ಮೂಡುವುದು. ಹಂಡೆ ಒಲೆಯಿರುವ ಬಚ್ಚಲಿನಲ್ಲಿ, ಒಲೆಗೆ ಒತ್ತಿಕೊಂಡ ಗೂಡಿನಲ್ಲಿಟ್ಟರೆ ಇಡೀ ಸ್ಟಿಕ್ಕರೇ ಕಪ್ಪಾಗಬಹುದು. ಎಣ್ಣೆ ತಾಗಿದರೆ, ಕಿಟಕಿಯ ಬಿಸಿಲು ಬಿದ್ದರೆ ಅಕ್ಷರ ಮಾಯ. ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ನೀರಿಗೆ ಕರಗಿ ಹರಡುತ್ತದೆ. ಬರಿ ಕಾಗದ ನೆನೆದು ಸುಲಿಯುತ್ತದೆ. ಹಾಗಾಗಿ ಪ್ಲಾಸ್ಟಿಕ್ ಹಾಳೆಯ, ಅಂದರೆ ಪಾಲಿಪ್ರೊಪಿಲೀನ್ ಲೇಬಲ್ ಕೇಳಿ. ನೀರಿಗೂ ಎಣ್ಣೆಗೂ ಬಿಡದ ಅಂಟು, ಲೇಸರ್ ಅಥವಾ ರೆಸಿನ್ ರಿಬ್ಬನ್ ಮುದ್ರಣ ಇರಲಿ. ಅಂಟಿಸುವ ಮೊದಲು ಬಾಟಲಿಯ ಎಣ್ಣೆಪಸೆಯನ್ನು ಸ್ಪಿರಿಟ್‌ನಿಂದ ಒರೆಸಿ. ಸಾವಿರ ಲೇಬಲ್ ಹೊಡೆಸುವ ಮುಂಚೆ ಒಂದನ್ನು ಅಂಟಿಸಿ, ಅದೇ ಎಣ್ಣೆಯನ್ನು ಮೇಲೆ ಸವರಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ. ಅಕ್ಷರ ಅಲುಗಿದರೆ ಆ ಲೇಬಲ್ ಬೇಡ.

ಮಾರುವವರಿಗೆ ಕಾನೂನೂ ಇದೆ. 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. ಬಾಟಲಿಯ ಮೇಲೆ ಲೈಸೆನ್ಸ್ ನಂಬರು, ತಯಾರಕರ ವಿಳಾಸ, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು, ಪದಾರ್ಥಗಳ ಪಟ್ಟಿ ಬೇಕು. ನೂರಕ್ಕೆ ಒಂದಕ್ಕಿಂತ ಹೆಚ್ಚಿರುವವನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ‘ಗಿಡಮೂಲಿಕೆಗಳ ಸಾರ’ ಎಂದರೆ ಯಾವ ಚರ್ಮವೈದ್ಯರಿಗೂ ಉಪಯೋಗವಿಲ್ಲ. ಯಾವ ಗಿಡ ಎಂದು ಹೆಸರಿದ್ದರೆ ಅಲರ್ಜಿ ಪತ್ತೆಯಾಗುತ್ತದೆ. ತಲೆಕೂದಲ ಡೈ ಇದ್ದರಂತೂ, ಮೊದಲು ಕಿವಿಯ ಹಿಂದೆ ಹಚ್ಚಿ 24 ಗಂಟೆ ಕಾಯಿರಿ ಎಂಬಂಥ ಎಚ್ಚರಿಕೆ ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬ ನಿಯಮ ಹಳೆಯದು. ರಾಜ್ಯದಲ್ಲಿ ತಯಾರಾದ ವಸ್ತುಗಳ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ನಮ್ಮ ಕೋಲಾರ ಜಿಲ್ಲೆಯಲ್ಲಿ ಇದರ ತೂಕ ಹೆಚ್ಚು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು, ಮಾಲೂರಿನ ಗಡಿ ಕಡೆ ತಮಿಳೂ ಉಂಟು. ಆದರೂ ಅಲ್ಲಿನ ಅಜ್ಜಿ ಶಾಲೆಯಲ್ಲಿ ಕಲಿತು ಓದುವುದು ಕನ್ನಡ. ಮೊಮ್ಮಗುವನ್ನು ನೋಡಿಕೊಳ್ಳುವವಳು ಅವಳೇ. ಅವಳಿಗೆ ಕನ್ನಡಕ ಬೇಕಾಗದಷ್ಟು ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಇರಲಿ, ಚಿತ್ರ ಬೇಕಾದರೆ ಚಿಕ್ಕದಾಗಲಿ.

ಪ್ರತಿ ಬ್ಯಾಚಿನಿಂದ ಒಂದು ಬಾಟಲಿಯನ್ನು, ಅವಧಿ ಮುಗಿಯುವವರೆಗೆ, ನಂಬರ್ ಸಮೇತ ಮನೆಯಲ್ಲಿ ತೆಗೆದಿಡಿ. ಎಲ್ಲೋ ಒಬ್ಬರಿಗೆ ಮೈ ಕೆರೆತ ಎಂದು ಫೋನು ಬಂದರೆ, ಅದೇ ಬ್ಯಾಚಿನ ಉಳಿದ ಬಾಟಲಿಗಳನ್ನು ಅಂದೇ ವಾಪಸು ತರಿಸಬಹುದು. ಲೇಬಲ್‌ನಲ್ಲಿ ಜಾಗವಿದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರನ್ನೂ ಹಾಕಿಸಿ: 1800 116 117. ಮಗು ಎಣ್ಣೆ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.